ಬಾಖ್‌ನ ಬೇಸ್, ಜಾಝ್‌ನ ನಡೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯವನ್ನು ಕುರಿತಿವೆ. ಪಾಶ್ಚಾತ್ಯ ಶಾಸ್ತ್ರೀಯ ಪಿಯಾನೊ ಕೃತಿಗಳನ್ನು ಜಾಝ್ ಶೈಲಿಯಲ್ಲಿ ಹೊಸದಾಗಿ ಕಟ್ಟಲು ಹೊರಟವರು ತಾವು ಎದುರಿಸಿದ ತೊಡಕುಗಳನ್ನು ಬರೆದು ಕಳಿಸಿದ್ದಾರೆ. ಅವುಗಳಲ್ಲಿ ಆರು ಪ್ರಶ್ನೆಗಳನ್ನು ಇಲ್ಲಿ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ಏಳು ವರ್ಷಗಳಿಂದ ಪಿಯಾನೊ ಕಲಿಯುತ್ತಿದ್ದೇನೆ. ಬಾಖ್‌ನ ಸಿ ಮೇಜರ್ ಪ್ರಿಲ್ಯೂಡ್ ಎಂಬ ಚಿಕ್ಕ ಕೃತಿಯನ್ನು ಸ್ವಿಂಗ್ ಲಯದಲ್ಲಿ, ಎಂದರೆ ಜೋಡಿ ಸ್ವರಗಳಲ್ಲಿ ಮೊದಲನೆಯದನ್ನು ಉದ್ದವಾಗಿ, ಎರಡನೆಯದನ್ನು ಗಿಡ್ಡವಾಗಿ ನುಡಿಸಿ ನೋಡಿದೆ. ಒಂದು ಸ್ವರವೂ ತಪ್ಪಿಲ್ಲ, ಆದರೂ ಅದು ಜಾಝ್ ಎನ್ನಿಸುವುದಿಲ್ಲ. ಬಾಖ್ ಕುಂಟುತ್ತಿರುವಂತೆ ಕೇಳಿಸುತ್ತದೆ. ತಪ್ಪು ಎಲ್ಲಿದೆ?

ಉತ್ತರ: ನಿಮ್ಮ ಕಿವಿ ಸರಿಯಾಗಿಯೇ ಹೇಳುತ್ತಿದೆ, ಅದನ್ನು ನಂಬಿ. ನೀವು ಬದಲಿಸಿರುವುದು ಸ್ವರಗಳ ಉದ್ದವನ್ನು ಮಾತ್ರ. ಆ ಪ್ರಿಲ್ಯೂಡಿನ ಪ್ರತಿ ಬಾರಿನಲ್ಲಿಯೂ (ಬಾರು ಎಂದರೆ ಸ್ವರಲಿಪಿಯಲ್ಲಿ ಗೆರೆಗಳಿಂದ ಬೇರ್ಪಡಿಸಿದ ಒಂದು ಆವರ್ತ) ಎಂಟು ಸ್ವರಗಳ ಒಂದೇ ವಿನ್ಯಾಸವು ಎರಡು ಸಲ ಬರುತ್ತದೆ, ಮತ್ತು ಅದರ ಸೊಬಗೆಲ್ಲ ಆ ಸ್ವರಗಳು ಸಮನಾಗಿ ಹರಿಯುವುದರಲ್ಲಿಯೇ ಇದೆ. ಅವನ್ನು ಉದ್ದ-ಗಿಡ್ಡ ಮಾಡಿದರೆ ಹರಿವು ಕೆಡುತ್ತದೆ, ಅದರ ಬದಲಿಗೆ ಬೇರೇನೂ ದೊರೆಯುವುದಿಲ್ಲ. ಆದ್ದರಿಂದ ಮೊದಲು ಮಾಡಬೇಕಾದ ಕೆಲಸವೆಂದರೆ ಆ ವಿನ್ಯಾಸವನ್ನು ಸಂಪೂರ್ಣವಾಗಿ ಬದಿಗಿಟ್ಟು, ಅದರ ಅಡಿಯಲ್ಲಿ ಏನಿದೆ ಎಂದು ನೋಡುವುದು.

ಒಂದು ಖಾಲಿ ಹಾಳೆಯನ್ನು ತೆಗೆದುಕೊಂಡು ಪ್ರತಿ ಬಾರಿನ ಅತ್ಯಂತ ಕೆಳಗಿನ ಸ್ವರವನ್ನಷ್ಟೇ ಬರೆಯುತ್ತಾ ಹೋಗಿ. ಮೊದಲ ಹನ್ನೊಂದು ಬಾರುಗಳಿಗೆ ನಿಮಗೆ ಸಿಗುವುದು ಇದು: ಸಿ, ಸಿ, ಬಿ, ಸಿ, ಸಿ, ಸಿ, ಬಿ, ಬಿ, ಎ, ಡಿ, ಜಿ. ಈಗ ಆ ಬೇಸ್ ಸ್ವರಗಳ ಮೇಲೆ ನಿಂತಿರುವ ಕಾರ್ಡುಗಳ, ಎಂದರೆ ಒಟ್ಟಿಗೆ ಕೂಡಿಬರುವ ಸ್ವರಗುಚ್ಛಗಳ, ಹೆಸರನ್ನು ಪಕ್ಕದಲ್ಲಿ ಬರೆಯಿರಿ. ಎರಡನೆಯ ಬಾರು ಡಿ ಮೈನರ್ ಸೆವೆನ್ತ್, ಮೂರನೆಯದು ಜಿ ಸೆವೆನ್ತ್, ನಾಲ್ಕನೆಯದು ಮತ್ತೆ ಸಿ. ಜಾಝ್ ಕಲಿಯುವ ಪ್ರತಿಯೊಬ್ಬರೂ ಮೊದಲ ತಿಂಗಳಿನಲ್ಲಿಯೇ ಹನ್ನೆರಡು ಶ್ರುತಿಗಳಲ್ಲಿಯೂ ಉರು ಹೊಡೆಯುವ ಎರಡು-ಐದು-ಒಂದು (ಶ್ರುತಿಯ ಎರಡನೆಯ, ಐದನೆಯ ಮತ್ತು ಮೊದಲ ಸ್ವರಗಳ ಮೇಲೆ ಕಟ್ಟಿದ ಕಾರ್ಡುಗಳ ಸರಣಿ) ಎಂಬ ಚಲನೆ ಇದೇ. ಎಂಟನೆಯ ಬಾರಿನಲ್ಲಿ ಸಿ ಮೇಜರ್ ಸೆವೆನ್ತ್ ಕಾರ್ಡು ತನ್ನ ಏಳನೆಯ ಸ್ವರವಾದ ಬಿಯನ್ನೇ ಕೆಳಗಿಟ್ಟುಕೊಂಡು ನಿಂತಿದೆ. 9, 10 ಮತ್ತು 11ನೆಯ ಬಾರುಗಳಲ್ಲಿ ಅದೇ ಎರಡು-ಐದು-ಒಂದು ಚಲನೆ ಜಿ ಶ್ರುತಿಗೆ ಸ್ಥಳಾಂತರವಾಗುತ್ತದೆ. 17ರಿಂದ 19ರವರೆಗೆ ಮತ್ತೆ ಸಿಗೆ ಮರಳುತ್ತದೆ. 1722ರಲ್ಲಿ ಬಾಖ್ ಸಂಗ್ರಹಿಸಿಟ್ಟ ಕೃತಿಯೊಂದರೊಳಗೆ ಜಾಝ್ ವಾದಕನಿಗೆ ಬೇಕಾದ ಕಾರ್ಡುಗಳ ನಕ್ಷೆ ಹೀಗೆ ಸಿದ್ಧವಾಗಿಯೇ ಕುಳಿತಿರುವುದನ್ನು ಕಂಡಾಗ ನನಗೆ ಆದ ಸಂತೋಷ ಇಂದಿಗೂ ಕಡಿಮೆಯಾಗಿಲ್ಲ.

ಇನ್ನು ನುಡಿಸುವ ಬಗೆ. 17ರಿಂದ 19ರವರೆಗಿನ ಮೂರು ಬಾರುಗಳನ್ನಷ್ಟೇ ತೆಗೆದುಕೊಳ್ಳಿ. ಎಡಗೈಯಲ್ಲಿ, ಮಧ್ಯದ ಸಿಯ ಆಸುಪಾಸಿನಲ್ಲಿ, ಪ್ರತಿ ಕಾರ್ಡಿನ ಮೂರನೆಯ ಮತ್ತು ಏಳನೆಯ ಸ್ವರಗಳನ್ನು ಮಾತ್ರ ಹಿಡಿಯಿರಿ. ಡಿ ಮೈನರ್ ಸೆವೆನ್ತ್‌ಗೆ ಎಫ್ ಮತ್ತು ಸಿ. ಜಿ ಸೆವೆನ್ತ್ ಬಂದಾಗ ಎಫ್ ಇದ್ದಲ್ಲಿಯೇ ಇರುತ್ತದೆ, ಸಿ ಅರ್ಧಸ್ವರ ಇಳಿದು ಬಿ ಆಗುತ್ತದೆ. ಸಿ ಮೇಜರ್ ಸೆವೆನ್ತ್ ಬಂದಾಗ ಬಿ ಇದ್ದಲ್ಲಿಯೇ ಇರುತ್ತದೆ, ಎಫ್ ಅರ್ಧಸ್ವರ ಇಳಿದು ಇ ಆಗುತ್ತದೆ. ಒಂದು ಬೆರಳು ನಿಂತಿರುವಾಗ ಇನ್ನೊಂದು ಸರಿಯುವ ಈ ಎರಡು ಸ್ವರಗಳ ಎಳೆಯನ್ನು ಹತ್ತು ಸಲ ನಿಧಾನವಾಗಿ ನುಡಿಸಿ ಕೇಳಿ. ಕಾರ್ಡಿನ ಮೂಲಸ್ವರವನ್ನು ನುಡಿಸದಿದ್ದರೂ ಕಿವಿ ಅದನ್ನು ತಾನೇ ತುಂಬಿಕೊಳ್ಳುತ್ತದೆ. ಅದು ಕೈಗೆ ಬಂದ ಮೇಲೆ, ಜಿ ಸೆವೆನ್ತ್ ಬದಲು ಡಿ ಫ್ಲ್ಯಾಟ್ ಸೆವೆನ್ತ್ ಇಟ್ಟು ನೋಡಿ. ಎಡಗೈಯ ಎಫ್ ಮತ್ತು ಬಿ ಎರಡೂ ಕಾರ್ಡುಗಳಿಗೆ ಸಮಾನವಾಗಿರುವುದರಿಂದ ಆ ಬೆರಳುಗಳು ಕದಲಬೇಕಾಗಿಲ್ಲ. ಬೇಸ್ ಮಾತ್ರ ಡಿ, ಡಿ ಫ್ಲ್ಯಾಟ್, ಸಿ ಎಂದು ಮೆಟ್ಟಿಲಿಳಿದಂತೆ ಇಳಿಯುತ್ತದೆ. ಒಂದೇ ಸ್ವರದ ಬದಲಾವಣೆಯಿಂದ ಆ ಜಾಗದ ಬಣ್ಣವೇ ಬೇರೆಯಾಗುವುದು ನಿಮಗೆ ಆಗ ಕೇಳಿಸುತ್ತದೆ.

ಬಲಗೈ ಏನು ಮಾಡಬೇಕು? ಆ ಪ್ರಿಲ್ಯೂಡಿನಲ್ಲಿ ಹಾಡಿಕೊಳ್ಳಬಹುದಾದ ಪ್ರತ್ಯೇಕ ಮಟ್ಟು ಎಂಬುದು ಇಲ್ಲ. ಇದು ಕೊರತೆಯಲ್ಲ, ಅವಕಾಶ. 19ನೆಯ ಶತಮಾನದಲ್ಲಿ ಫ್ರೆಂಚ್ ಸಂಯೋಜಕ ಶಾರ್ಲ್ ಗುನೋ ಇದೇ ಪ್ರಿಲ್ಯೂಡಿನ ಮೇಲೆ ತನ್ನದೊಂದು ಮಟ್ಟನ್ನು ಹೆಣೆದದ್ದು ಈ ಕಾರಣದಿಂದಲೇ. ನೀವೂ ಕಾರ್ಡಿನ ಸ್ವರಗಳಿಂದ ಸಣ್ಣ ವಾಕ್ಯಗಳನ್ನು ಕಟ್ಟಿ, ನಡುವೆ ಉಸಿರಾಡುವಷ್ಟು ಖಾಲಿ ಜಾಗವನ್ನು ಬಿಡಿ. 24ರಿಂದ 31ರವರೆಗಿನ ಎಂಟು ಬಾರುಗಳಲ್ಲಿ ಬೇಸ್ ಜಿಯ ಮೇಲೆಯೇ ನಿಂತುಬಿಡುತ್ತದೆ; ಮೇಲಿನ ಕಾರ್ಡುಗಳು ಬದಲಾದರೂ ನೆಲ ಕದಲುವುದಿಲ್ಲ. ನಿಮ್ಮ ಮನೋಧರ್ಮಕ್ಕೆ ಅತ್ಯಂತ ಸುರಕ್ಷಿತವಾದ ಜಾಗ ಅದು. ಅಲ್ಲಿ ಎಷ್ಟು ದೂರ ಅಲೆದರೂ ಆ ಜಿ ನಿಮ್ಮನ್ನು ಮರಳಿ ಕರೆತರುತ್ತದೆ.

ಒಂದು ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದಿನ ಎಲ್ಲ ಉತ್ತರಗಳೂ ಅದನ್ನೇ ಆಧರಿಸಿವೆ. ಏನನ್ನು ಬದಲಿಸಬೇಕು ಎಂದು ಯೋಚಿಸುವ ಮೊದಲು ಏನನ್ನು ಮುಟ್ಟಬಾರದು ಎಂಬುದನ್ನು ಗೊತ್ತುಮಾಡಿಕೊಳ್ಳಿ. ಈ ಪ್ರಿಲ್ಯೂಡಿನಲ್ಲಿ ಮುಟ್ಟಬಾರದ್ದು ಬೇಸ್‌ನ ನಿಧಾನವಾದ ಇಳಿತ. ಅದು ಉಳಿದಿದ್ದರೆ ಉಳಿದದ್ದೆಲ್ಲ ಬದಲಾದರೂ ಕೇಳುಗನು ಇದು ಬಾಖ್ ಎಂದು ಗುರುತಿಸುತ್ತಾನೆ.

ಪ್ರಶ್ನೆ: ಮಹಾನ್ ಸಂಯೋಜಕರು ಒಂದೊಂದು ಸ್ವರವನ್ನೂ ತೂಗಿ ಬರೆದಿಟ್ಟಿರುವಾಗ ಅದನ್ನು ಬದಲಿಸುವುದು ಅವರಿಗೆ ಮಾಡುವ ಅಗೌರವವಲ್ಲವೇ? ನನ್ನ ಶಿಷ್ಯರು ಕೇಳಿದಾಗ ಏನೆಂದು ಉತ್ತರಿಸಲಿ?

ಉತ್ತರ: ತಮ್ಮ ಕಳಕಳಿಯನ್ನು ನಾನು ಗೌರವಿಸುತ್ತೇನೆ. ಆದರೆ ಬರೆದದ್ದನ್ನು ಬರೆದಂತೆಯೇ ನುಡಿಸಬೇಕು ಎಂಬ ಕಟ್ಟುನಿಟ್ಟು ಆ ಸಂಯೋಜಕರ ಕಾಲದ್ದಲ್ಲ, ಬಹಳಮಟ್ಟಿಗೆ ಅವರ ನಂತರದ್ದು ಎಂಬುದನ್ನು ಶಿಷ್ಯರಿಗೆ ತಿಳಿಸಬೇಕು. ಬಾಖ್ ವೈಮರ್‌ನಲ್ಲಿದ್ದಾಗ ವಿವಾಲ್ಡಿಯ ಕನ್ಸರ್ಟೊಗಳನ್ನು (ವಾದ್ಯವೃಂದದೊಂದಿಗೆ ಏಕವಾದ್ಯ ಮುಂದಾಗಿ ನುಡಿಯುವ ಕೃತಿಗಳು) ಆರ್ಗನ್ ಮತ್ತು ಹಾರ್ಪ್ಸಿಕಾರ್ಡ್‌ಗಳಿಗೆ ಹೊಂದಿಸಿಕೊಂಡನು. ವಿವಾಲ್ಡಿ ನಾಲ್ಕು ವಯಲಿನ್‌ಗಳಿಗೆ ಬರೆದಿದ್ದ ಕನ್ಸರ್ಟೊವನ್ನು ಮುಂದೆ ನಾಲ್ಕು ಹಾರ್ಪ್ಸಿಕಾರ್ಡ್‌ಗಳಿಗೆ ಮಾರ್ಪಡಿಸಿದನು. ಆ ಕಾಲದ ಕೀಲಿಮಣೆ ವಾದಕರಿಗೆ ಅನೇಕ ಸಲ ಬೇಸ್ ಸ್ವರಗಳು ಮತ್ತು ಅವುಗಳ ಜೊತೆಗೆ ಕೆಲವು ಅಂಕಿಗಳು ಮಾತ್ರ ದೊರೆಯುತ್ತಿದ್ದವು. ಮೇಲಿನ ಸ್ವರಗಳನ್ನು ಅವರು ನುಡಿಸುತ್ತಲೇ ತುಂಬಿಕೊಳ್ಳುತ್ತಿದ್ದರು. ಇಂದಿನ ಜಾಝ್ ವಾದಕನ ಮುಂದಿರುವ ಕಾರ್ಡು ಚಿಹ್ನೆಗಳ ಹಾಳೆ ಇದಕ್ಕಿಂತ ತುಂಬ ಬೇರೆಯದಲ್ಲ. 1785ರಲ್ಲಿ ಮೊಜಾರ್ಟ್ ರಚಿಸಿದ ಡಿ ಮೈನರ್ ಪಿಯಾನೊ ಕನ್ಸರ್ಟೊಗೆ ಅವನದೇ ಆದ ಕಡೆನ್ಜಾ, ಎಂದರೆ ವಾದ್ಯವೃಂದ ಸುಮ್ಮನಿರುವಾಗ ಪಿಯಾನೊ ಒಂದೇ ಮೆರೆಯುವ ಭಾಗ, ಉಳಿದುಬಂದಿಲ್ಲ; ಇಂದು ಅನೇಕರು ಆ ಜಾಗದಲ್ಲಿ ಬೀಥೋವನ್ ಬರೆದುದನ್ನು ನುಡಿಸುತ್ತಾರೆ. ಒಬ್ಬ ಮಹನೀಯನ ಕೃತಿಯೊಳಗೆ ಇನ್ನೊಬ್ಬ ಮಹನೀಯನ ಧ್ವನಿ ಬಂದು ಸೇರಿರುವುದನ್ನು ಯಾರೂ ಅಗೌರವವೆಂದು ಎಣಿಸಿಲ್ಲ.

ಲಯದ ವಿಷಯದಲ್ಲಿಯೂ ಹಾಗೆಯೇ. ಫ್ರಾನ್ಸಿನ ಫ್ರಾನ್ಸ್ವಾ ಕುಪ್ರ್ಯಾಂ ಹಾರ್ಪ್ಸಿಕಾರ್ಡ್ ವಾದನವನ್ನು ಕುರಿತು 1716ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ, ತಮ್ಮ ನಾಡಿನವರು ಬರೆಯುವುದೇ ಒಂದು ಬಗೆ, ನುಡಿಸುವುದೇ ಇನ್ನೊಂದು ಬಗೆ ಎಂಬ ಅರ್ಥದ ಮಾತನ್ನು ಹೇಳಿದ್ದಾನೆ. ಸಮನಾಗಿ ಬರೆದ ಸ್ವರಗಳನ್ನು ಉದ್ದ-ಗಿಡ್ಡವಾಗಿ ನುಡಿಸುವ ಪದ್ಧತಿ ಅಲ್ಲಿ ರೂಢಿಯಲ್ಲಿತ್ತು. ಬೀಥೋವನ್‌ನ ಕೊನೆಯ ಪಿಯಾನೊ ಸೊನಾಟಾದ, ಎಂದರೆ 1822ರ ಓಪಸ್ 111ರ, ಎರಡನೆಯ ಭಾಗದಲ್ಲಿ ಬರುವ ಮೂರನೆಯ ಮಾರ್ಪಾಟನ್ನು ಶಿಷ್ಯರಿಗೆ ಕೇಳಿಸಿ. ಜಾಝ್ ಹುಟ್ಟುವುದಕ್ಕೆ ಎಷ್ಟೋ ಮೊದಲೇ ಆ ಜಿಗಿತದ ನಡೆ ಅಲ್ಲಿದೆ.

ಜಾಝ್ ವಾದಕರ ಕಡೆಯಿಂದ ನೋಡಿದರೂ ಇದು ಹೊಸ ಚಪಲವಲ್ಲ. 1938ರಲ್ಲಿ ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಧ್ವನಿಮುದ್ರಣ ನಡೆದಾಗ ಜೆಲ್ಲಿ ರೋಲ್ ಮಾರ್ಟನ್ ವರ್ಡಿಯ ಒಪೆರಾದ ಒಂದು ಭಾಗವನ್ನು ತಮ್ಮ ನಡೆಗೆ ತಿರುಗಿಸಿ ತೋರಿಸಿದರು. ಡೊನಾಲ್ಡ್ ಲ್ಯಾಂಬರ್ಟ್ 1941ರಲ್ಲಿ ಗ್ರೀಗ್ ಮತ್ತು ವಾಗ್ನರ್‌ರ ರಚನೆಗಳನ್ನು, ಎಡಗೈ ಬೇಸ್‌ಗೂ ಕಾರ್ಡಿಗೂ ನಡುವೆ ಜಿಗಿಯುವ ಸ್ಟ್ರೈಡ್ ಶೈಲಿಯಲ್ಲಿ ಮುದ್ರಿಸಿದರು. ಆರ್ಟ್ ಟೇಟಮ್ ದ್ವೊರ್ಜಾಕ್‌ನ ಹ್ಯೂಮರೆಸ್ಕನ್ನು ತಮ್ಮ ಕಛೇರಿಗಳ ಖಾಯಂ ವಸ್ತುವನ್ನಾಗಿ ಮಾಡಿಕೊಂಡಿದ್ದರು. ಹೇಜಲ್ ಸ್ಕಾಟ್ ಲಿಸ್ಟ್, ರಾಖ್ಮನಿನೊಫ್ ಮೊದಲಾದವರ ಕೃತಿಗಳನ್ನು ಮೊದಲು ಮೂಲದಂತೆಯೇ ಆರಂಭಿಸಿ ಬಳಿಕ ಸ್ವಿಂಗ್‌ಗೆ ಹೊರಳಿಸುತ್ತಿದ್ದರು. ಇವರೆಲ್ಲರೂ ಮೂಲವನ್ನು ಬೆರಳ ತುದಿಯಲ್ಲಿಟ್ಟುಕೊಂಡಿದ್ದವರು. ಅಗೌರವ ಎಂಬುದು ಇದ್ದರೆ ಅದು ಮೂಲವನ್ನು ಕಲಿಯದೆ ಬದಲಿಸುವುದರಲ್ಲಿದೆ. ಶಿಷ್ಯರಿಗೆ ಈ ಒಂದು ಷರತ್ತನ್ನು ಹಾಕಿ.

ಪ್ರಶ್ನೆ: ಮೊದಲ ಪ್ರಯತ್ನಕ್ಕೆ ಯಾವ ಕೃತಿ ಒಳ್ಳೆಯದು? ಯಾವುದರಿಂದ ದೂರವಿರಬೇಕು?

ಉತ್ತರ: ಬಾಖ್‌ನ ಆ ಪ್ರಿಲ್ಯೂಡನ್ನು ಬಿಟ್ಟರೆ, ಶೋಪ್ಯಾನ್‌ನ ಓಪಸ್ 28ರ ನಾಲ್ಕನೆಯ ಪ್ರಿಲ್ಯೂಡನ್ನು ನಾನು ಎಲ್ಲರಿಗೂ ಹೇಳುತ್ತೇನೆ. ಇ ಮೈನರ್ ಶ್ರುತಿಯ, ಇಪ್ಪತ್ತೈದೇ ಬಾರುಗಳ ಕೃತಿ. ಬಲಗೈ ಆರಂಭದಲ್ಲಿ ಬಿ ಮತ್ತು ಸಿ ಎಂಬ ಎರಡು ಸ್ವರಗಳ ನಡುವೆ ಮಾತ್ರ ತೂಗಾಡುತ್ತದೆ, ನಿಟ್ಟುಸಿರಿನ ಹಾಗೆ. ಎಡಗೈಯಲ್ಲಿ ಕಾರ್ಡುಗಳು ಒಂದೇ ಸಮನೆ ಬಡಿಯುತ್ತಿರುತ್ತವೆ. ಅವುಗಳೊಳಗಿನ ಸ್ವರಗಳು ಒಂದಾದ ಮೇಲೊಂದರಂತೆ ಅರ್ಧಸ್ವರ ಕೆಳಗಿಳಿಯುತ್ತಾ ಹೋಗುತ್ತವೆ. ಬೇಸ್ ಜಿಯಲ್ಲಿ ತೊಡಗಿ ಎಫ್ ಶಾರ್ಪ್, ಎಫ್, ಇ ಎಂದು ಇಳಿಯುತ್ತದೆ. ಇಲ್ಲಿ ಹೊಸ ಕಾರ್ಡುಗಳನ್ನು ಹುಡುಕುವ ಅಗತ್ಯವೇ ಇಲ್ಲ, ಶೋಪ್ಯಾನ್ ಬರೆದ ಕಾರ್ಡುಗಳೇ ಜಾಝ್ ಕಿವಿಗೆ ಸಾಕು. ಬ್ಯಾರಿಟೋನ್ ಸ್ಯಾಕ್ಸೊಫೋನ್ ವಾದಕ ಜೆರಿ ಮಲ್ಲಿಗನ್ 1963ರಲ್ಲಿ ಇದನ್ನು ಮುದ್ರಿಸಿದಾಗ ಅದಕ್ಕೆ ಬ್ರೆಜಿಲ್‌ನ ಬೊಸಾ ನೋವಾ ಸಂಗೀತದ ಮೃದುವಾದ ನಡೆಯನ್ನು ಕೊಟ್ಟು, ಮಟ್ಟನ್ನು ಮಟ್ಟಾಗಿಯೇ ಉಳಿಸಿಕೊಂಡರು. ಜಾಝ್ ಪಿಯಾನೊ ವಾದಕ ಬಿಲ್ ಇವಾನ್ಸ್ 1965ರಲ್ಲಿ ತಮ್ಮ ಟ್ರಿಯೊ (ಮೂವರ ತಂಡ) ಮತ್ತು ವಾದ್ಯವೃಂದದೊಂದಿಗೆ ಮುದ್ರಿಸಿದ ಕೃತಿಗಳಲ್ಲಿ ಅದೇ ಓಪಸ್ 28ರ ಸಿ ಮೈನರ್ ಪ್ರಿಲ್ಯೂಡೂ ಇದೆ. ಇಪ್ಪತ್ತನೆಯದಾದ ಅದನ್ನು ಎರಡನೆಯ ಪ್ರಯತ್ನಕ್ಕೆ ಇಟ್ಟುಕೊಳ್ಳಬಹುದು.

ನಾನು ಮೊದಲ ಸಲ ಆ ಇ ಮೈನರ್ ಪ್ರಿಲ್ಯೂಡನ್ನು ಜಾಝ್‌ಗೆ ತಿರುಗಿಸಿದಾಗ ಒಂಬತ್ತನೆಯ, ಹದಿಮೂರನೆಯ ಸ್ವರಗಳನ್ನೆಲ್ಲ ಸೇರಿಸಿ ಪ್ರತಿ ಕಾರ್ಡನ್ನೂ ದಟ್ಟವಾಗಿಸಿದ್ದೆ. ನುಡಿಸುವಾಗ ಅದು ಬಹಳ ಸಮೃದ್ಧವಾಗಿ ಕೇಳಿಸುತ್ತಿತ್ತು. ಮುದ್ರಿಸಿಕೊಂಡು ಮರುದಿನ ಕೇಳಿದಾಗ ಆ ನಿಟ್ಟುಸಿರೇ ಕಾಣೆಯಾಗಿತ್ತು: ಬಲಗೈಯ ಸಿ ಮತ್ತು ಬಿ ಸ್ವರಗಳನ್ನು ನಾನೇ ಎಡಗೈಯ ಹೆಬ್ಬೆರಳಿನಿಂದ ಅಲ್ಲಿಯೇ ಪಕ್ಕದಲ್ಲಿ ನುಡಿಸಿ ಮುಚ್ಚಿಹಾಕಿದ್ದೆ. ಸ್ವರಗಳನ್ನು ಒಂದೊಂದಾಗಿ ತೆಗೆಯುತ್ತಾ ಬಂದು, ಎಡಗೈಯಲ್ಲಿ ಮೂರೇ ಉಳಿದಾಗ ಮಟ್ಟು ಮತ್ತೆ ಕೇಳಿಸಿತು. ಕೊನೆಯಲ್ಲಿ, ಮೌನದ ನಂತರ ಬರುವ ಆ ಮೂರು ಮೆಲ್ಲನೆಯ ಕಾರ್ಡುಗಳನ್ನು ನಾನು ಇಂದಿಗೂ ಬದಲಿಸುವುದಿಲ್ಲ.

ಎರಿಕ್ ಸಾಟಿಯ 1888ರ ಮೊದಲ ಜಿಮ್ನೊಪೆಡಿಯೂ ಆರಂಭಕ್ಕೆ ಒಳ್ಳೆಯದು. ಅದರ ತೊಡಗುವಿಕೆಯಲ್ಲಿ ಜಿ ಮೇಜರ್ ಸೆವೆನ್ತ್ ಮತ್ತು ಡಿ ಮೇಜರ್ ಸೆವೆನ್ತ್ ಎರಡೇ ಕಾರ್ಡುಗಳು ಸರದಿಯಂತೆ ಬರುತ್ತವೆ, ಮತ್ತು ಮೂರು ಮಾತ್ರೆಯ ನಿಧಾನ ನಡೆಯಲ್ಲಿ ಯೋಚಿಸಲು ಸಮಯ ದೊರೆಯುತ್ತದೆ.

ದೂರವಿರಬೇಕಾದದ್ದು ವೇಗವೇ ಜೀವಾಳವಾಗಿರುವ ಎಟ್ಯೂಡ್‌ಗಳಿಂದ, ಎಂದರೆ ಕೈಚಳಕದ ಅಭ್ಯಾಸಕ್ಕೆಂದು ಬರೆದ ಕೃತಿಗಳಿಂದ. ಅವುಗಳ ವೇಗವನ್ನು ತೆಗೆದರೆ ಹಿಡಿದುಕೊಳ್ಳಲು ಹೆಚ್ಚೇನೂ ಉಳಿಯುವುದಿಲ್ಲ. ಬೀಥೋವನ್‌ನ ದೊಡ್ಡ ಸೊನಾಟಾಗಳ ಮೊದಲ ಭಾಗಗಳೂ ಸದ್ಯಕ್ಕೆ ಬೇಡ. ಶ್ರುತಿಯಿಂದ ಶ್ರುತಿಗೆ ದೂರ ಪ್ರಯಾಣ ಮಾಡಿ ಮನೆಗೆ ಮರಳುವುದೇ ಅಲ್ಲಿನ ಕಥೆ. ಅದರ ನಡುವಿನ ಎಂಟು ಬಾರುಗಳನ್ನು ಕತ್ತರಿಸಿ ಅದರ ಮೇಲೆ ಸುತ್ತು ಹಾಕಿದರೆ ಪ್ರಯಾಣ ನಿಂತುಹೋಗುತ್ತದೆ.

ಪ್ರಶ್ನೆ: ಸ್ವಿಂಗ್ ಎಂದರೆ ಎರಡಕ್ಕೆ ಒಂದು ಎಂಬ ಪ್ರಮಾಣ ಎಂದು ಕಲಿತಿದ್ದೇನೆ. ತಾಳ ಬಡಿಯುವ ಮೆಟ್ರೊನೋಮ್ ಇಟ್ಟುಕೊಂಡು ಹಾಗೆಯೇ ಅಭ್ಯಾಸ ಮಾಡಿದರೆ ಸಾಕೇ?

ಉತ್ತರ: ಆರಂಭಕ್ಕೆ ಸಾಕು. ತಿಶ್ರದ ಮೂರು ಮಾತ್ರೆಗಳಲ್ಲಿ ಮೊದಲ ಎರಡನ್ನು ಒಂದು ಸ್ವರಕ್ಕೂ ಮೂರನೆಯದನ್ನು ಇನ್ನೊಂದು ಸ್ವರಕ್ಕೂ ಕೊಡುವುದು ಆ ಪ್ರಮಾಣದ ಅರ್ಥ. ಆದರೆ ಅದು ಸ್ಥಿರವಲ್ಲ: ವೇಗ ಹೆಚ್ಚಿದಂತೆ ಎರಡು ಸ್ವರಗಳೂ ಸಮಕ್ಕೆ ಹತ್ತಿರವಾಗುತ್ತವೆ. ಪ್ರಮಾಣಕ್ಕಿಂತ ಮುಖ್ಯವಾದದ್ದು ಒತ್ತು. ಗಿಡ್ಡ ಸ್ವರದ ಮೇಲೆ ಸ್ವಲ್ಪ ಭಾರ ಹಾಕಿ, ಅದನ್ನು ಮುಂದಿನ ಉದ್ದ ಸ್ವರಕ್ಕೆ ಬೆಸೆದು ನುಡಿಸಿ. ಮೆಟ್ರೊನೋಮಿನ ಬಡಿತವನ್ನು ಒಂದು ಮತ್ತು ಮೂರಕ್ಕೆ ಬದಲಾಗಿ ಎರಡು ಮತ್ತು ನಾಲ್ಕನೆಯ ಎಣಿಕೆಗಳೆಂದು ಭಾವಿಸಿಕೊಂಡು ಅಭ್ಯಾಸ ಮಾಡಿ. ಪೆಡಲನ್ನು ಆದಷ್ಟು ಬಿಟ್ಟುಬಿಡಿ. ಶೋಪ್ಯಾನ್‌ಗೆಂದು ಪಳಗಿದ ಬಲಗಾಲು ಅಭ್ಯಾಸಬಲದಿಂದ ಕೆಳಗೆ ಹೋಗುತ್ತದೆ, ಸ್ವರಗಳ ನಡುವಿನ ಚಿಕ್ಕ ಬಿಡುವುಗಳು ಮುಚ್ಚಿಹೋಗುತ್ತವೆ, ಸ್ವಿಂಗ್ ಅಲ್ಲಿಯೇ ಸಾಯುತ್ತದೆ.

ಪ್ರಶ್ನೆ: ಬೇಸ್ ವಾದ್ಯ ಮತ್ತು ಡ್ರಮ್ ಇಲ್ಲದೆ ಒಬ್ಬರೇ ಪಿಯಾನೊದಲ್ಲಿ ಇದನ್ನು ಸಾಧಿಸಬಹುದೇ? ಒಂದೇ ಮಟ್ಟು ಹಲವು ಎಳೆಗಳಲ್ಲಿ ಒಂದಾದ ಮೇಲೊಂದರಂತೆ ಬರುವ ಫ್ಯೂಗ್‌ಗಳನ್ನೂ ಹೀಗೆ ನುಡಿಸಬಹುದೇ?

ಉತ್ತರ: ಎರಡಕ್ಕೂ ಫ್ರೆಂಚ್ ಪಿಯಾನೊ ವಾದಕ ಜಾಕ್ ಲೂಸಿಯೆ ಅವರ ಉದಾಹರಣೆಯಿಂದ ಉತ್ತರಿಸುತ್ತೇನೆ. 1959ರಲ್ಲಿ ಅವರು ಬೇಸ್ ವಾದಕ ಪಿಯೆರ್ ಮಿಷೆಲೊ ಮತ್ತು ಡ್ರಮ್ ವಾದಕ ಕ್ರಿಶ್ಚಿಯನ್ ಗಾರೋಸ್ ಜೊತೆಗೂಡಿ ಬಾಖ್‌ನ ಕೃತಿಗಳನ್ನು ಜಾಝ್ ಟ್ರಿಯೊಗೆ ತಂದರು. ಅವರ ಮುದ್ರಣಗಳನ್ನು ಗಮನವಿಟ್ಟು ಕೇಳಿದರೆ, ಅನೇಕ ಕಡೆ ಪಿಯಾನೊ ಬಾಖ್ ಬರೆದ ಸ್ವರಗಳಿಗೆ ತೀರ ಹತ್ತಿರದಲ್ಲಿಯೇ ಇರುವುದು ತಿಳಿಯುತ್ತದೆ. ಜಾಝ್‌ನ ನಡೆಯನ್ನು ಕೊಡುವವರು ಉಳಿದ ಇಬ್ಬರು. ಫ್ಯೂಗ್‌ಗೆ ಒಪ್ಪುವ ದಾರಿ ಅದೇ. ಫ್ಯೂಗ್‌ನಲ್ಲಿ ಪ್ರತಿಯೊಂದು ಎಳೆಯೂ ಸ್ವತಂತ್ರವಾದ ಮಟ್ಟಾಗಿರುವುದರಿಂದ ಕಾರ್ಡುಗಳನ್ನು ಬದಲಿಸಹೊರಟರೆ ಯಾವುದೋ ಒಂದು ಎಳೆ ತುಂಡಾಗುತ್ತದೆ. ಬರೆದುದನ್ನು ನಡೆ ಬದಲಿಸಿ ನುಡಿಸಿ, ಎಳೆಗಳು ವಿರಮಿಸುವ ಜಾಗದಲ್ಲಿ ನಿಮ್ಮ ಮನೋಧರ್ಮಕ್ಕೆ ಬಾಗಿಲು ತೆರೆಯಿರಿ.

ಒಬ್ಬರೇ ನುಡಿಸುವಾಗ ಎಡಗೈ ಇಬ್ಬರ ಕೆಲಸವನ್ನು ಮಾಡಬೇಕಾಗುತ್ತದೆ. ಪ್ರತಿ ಎಣಿಕೆಗೂ ಒಂದು ಸ್ವರದಂತೆ ನಡೆಯುವ ವಾಕಿಂಗ್ ಬೇಸ್ ಒಂದು ದಾರಿ, ಸ್ಟ್ರೈಡ್ ಇನ್ನೊಂದು. ಬಾಖ್‌ನ ಎಡಗೈ ಬಹುಕಾಲ ಹಾಗೆ ನಡೆಯುತ್ತಲೇ ಇರುವುದರಿಂದ ವಾಕಿಂಗ್ ಬೇಸ್ ಅವನಿಗೆ ಸಹಜವಾಗಿ ಹೊಂದುತ್ತದೆ. ಶೋಪ್ಯಾನ್‌ನ ವಾಲ್ಟ್ಸ್‌ಗಳಲ್ಲಿ ಎಡಗೈ ಆಗಲೇ ಜಿಗಿಯುತ್ತಿರುವುದರಿಂದ ಅಲ್ಲಿ ಸ್ಟ್ರೈಡ್ ಸುಲಭವಾಗಿ ಕೂರುತ್ತದೆ.

ಪ್ರಶ್ನೆ: ವೇದಿಕೆಯ ಮೇಲೆ ಆ ಕ್ಷಣಕ್ಕೆ ಹೊಸದನ್ನು ಹುಟ್ಟಿಸುವ ಧೈರ್ಯ ನನಗಿಲ್ಲ. ಎಲ್ಲವನ್ನೂ ಮೊದಲೇ ಬರೆದಿಟ್ಟುಕೊಂಡು ನುಡಿಸಿದರೆ ಅದು ಜಾಝ್ ಆಗುತ್ತದೆಯೇ?

ಉತ್ತರ: ನಿಕೊಲಾಯ್ ಕಪುಸ್ಟಿನ್ ಅವರ ಸಂಗೀತವನ್ನು ಕೇಳಿ. 1937ರಲ್ಲಿ ಹುಟ್ಟಿ 2020ರಲ್ಲಿ ತೀರಿಕೊಂಡ ಅವರು ಮಾಸ್ಕೊ ಕನ್ಸರ್ವೇಟರಿಯಲ್ಲಿ ಶಾಸ್ತ್ರೀಯ ಶಿಕ್ಷಣ ಪಡೆದವರು. 1984ರ ಎಂಟು ಕನ್ಸರ್ಟ್ ಎಟ್ಯೂಡ್‌ಗಳಾಗಲಿ, 1997ರ ಇಪ್ಪತ್ನಾಲ್ಕು ಪ್ರಿಲ್ಯೂಡ್ ಮತ್ತು ಫ್ಯೂಗ್‌ಗಳಾಗಲಿ, ಕೇಳುವಾಗ ಆ ಕ್ಷಣದಲ್ಲಿ ಹುಟ್ಟಿದಂತಿವೆ. ಆದರೆ ಪ್ರತಿ ಸ್ವರವೂ ಕಾಗದದ ಮೇಲಿದೆ. ತಾವು ಜಾಝ್ ವಾದಕರಲ್ಲ, ಸಂಯೋಜಕರು ಎಂದೇ ಅವರು ತಮ್ಮನ್ನು ಪರಿಗಣಿಸಿಕೊಂಡಿದ್ದರು. ಹಾಗಾಗಿ ಬರೆದು ನುಡಿಸುವುದಕ್ಕೆ ನೀವು ಸಂಕೋಚಪಡಬೇಕಾಗಿಲ್ಲ. ಹೆಸರೇನೇ ಇಟ್ಟರೂ ಅದು ಪೂರ್ಣ ಪ್ರಮಾಣದ ಕಲೆ.

ಆದರೂ ಧೈರ್ಯ ಇಲ್ಲ ಎಂಬ ಮಾತನ್ನು ನಾನು ಅಲ್ಲಿಗೇ ಬಿಡಲಾರೆ, ಏಕೆಂದರೆ ಇದು ಧೈರ್ಯಕ್ಕಿಂತ ಹೆಚ್ಚಾಗಿ ಅಭ್ಯಾಸದ ಪ್ರಶ್ನೆ. ನಿಮ್ಮದೇ ಆದ ಬರೆದ ಆವೃತ್ತಿಯಲ್ಲಿ ನಾಲ್ಕು ಬಾರುಗಳನ್ನು ಅಳಿಸಿ, ಅಲ್ಲಿ ಕಾರ್ಡುಗಳ ಹೆಸರನ್ನಷ್ಟೇ ಉಳಿಸಿಕೊಳ್ಳಿ. ಆ ನಾಲ್ಕು ಬಾರುಗಳಲ್ಲಿ ಬಲಗೈಗೆ ಮೂರು ಸ್ವರಗಳನ್ನು ಮಾತ್ರ ಕೊಡಿ. ಶೋಪ್ಯಾನ್‌ನ ಆ ಪ್ರಿಲ್ಯೂಡ್ ಆದರೆ ಎ, ಬಿ ಮತ್ತು ಸಿ ಸಾಕು. ಸ್ವರಗಳು ಮೂರೇ ಆದಾಗ ಮನಸ್ಸು ಲಯದ ಕಡೆಗೆ ತಿರುಗುತ್ತದೆ: ಯಾವಾಗ ತೊಡಗಬೇಕು, ಎಷ್ಟು ಹೊತ್ತು ಸುಮ್ಮನಿರಬೇಕು, ಎಲ್ಲಿ ನಿಲ್ಲಿಸಬೇಕು. ಐದನೆಯ ಬಾರಿನಲ್ಲಿ ನೀವು ಬರೆದಿಟ್ಟ ಸ್ವರಗಳು ನಿಮಗಾಗಿ ಕಾಯುತ್ತಿರುತ್ತವೆ. ಎರಡು ವಾರ ದಿನವೂ ಹೀಗೆ ನುಡಿಸಿದ ಮೇಲೆ ಇನ್ನೂ ನಾಲ್ಕು ಬಾರುಗಳನ್ನು ಅಳಿಸಿ, ನಾಲ್ಕನೆಯ ಸ್ವರವೊಂದನ್ನು ಸೇರಿಸಿ, ಮತ್ತೆ ಬರೆಯಿರಿ. ಮುಂದಿನ ತೊಡಕು ಏನೆಂಬುದು ಆ ಹೊತ್ತಿಗೆ ನಿಮಗೇ ಸ್ಪಷ್ಟವಾಗಿರುತ್ತದೆ.